ಬಿಡದಿವರೆಗೆ ಬರುವ ಬಿಎಂಟಿಸಿ ರಾಮನಗರಕ್ಕೆ ಯಾಕೆ ಬರಬಾರದು?

ಪ್ರಶ್ನೆ: ನಾನು ರಾಮನಗರದವನು. ಕೆಲಸ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ. ಬೆಳಗ್ಗೆ ಬೆಂಗಳೂರು ಕಡೆಗೆ ಬಸ್ಸು ಸಿಕ್ಕರೂ ನಿಲ್ಲಲು ಜಾಗ ಇರಲ್ಲ. ಸಂಜೆ ಎಷ್ಟೋ ಸಲ ಬಿಎಂಟಿಸಿಯಲ್ಲಿ ಬಿಡದಿಗೆ ಬಂದು, ಅಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತೇವೆ. ಟಿಕೆಟ್ ಎರಡು. ಬಿಎಂಟಿಸಿ ಪಾಸು ಆ ಎರಡನೇ ಬಸ್ಸಿನಲ್ಲಿ ನಡೆಯಲ್ಲ. ಬಿಡದಿಗೆ ಬರುವ ಬಸ್ಸುಗಳನ್ನೆಲ್ಲ ರಾಮನಗರದವರೆಗೆ ಬಿಟ್ಟರೆ ಆಗಲ್ವಾ? ನಾವು ಕೆಲವರು ಸೇರಿ ಒಂದು ಕಚೇರಿಗೆ ಅರ್ಜಿ ಕೊಟ್ಟೆವು. 'ಕಾರ್ಯಾಚರಣೆ ವ್ಯಾಪ್ತಿಗೆ ಬರುವುದಿಲ್ಲ' ಎಂದು ಒಂದೇ ಸಾಲಿನ ಉತ್ತರ ಬಂತು. ಈಗ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿದ್ದಾರೆ. ಆದರೂ ವ್ಯಾಪ್ತಿಗೆ ಬರಲ್ವಾ? ಮುಂದೆ ಯಾರನ್ನು, ಏನಂತ ಕೇಳಬೇಕು?

ಉತ್ತರ: ನಿಮ್ಮ ಕಷ್ಟ ನಿಜ. ಅದಕ್ಕೆ ಪರಿಹಾರವೂ ಇದೆ. ಆದರೆ 'ಬಿಡದಿ ಬಸ್ಸುಗಳನ್ನೆಲ್ಲ ರಾಮನಗರದವರೆಗೆ ಬಿಡಿ' ಎಂಬ ಬೇಡಿಕೆಯನ್ನು ಸ್ವಲ್ಪ ಬದಲಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಕೇಳಿದ್ದು ತಪ್ಪು ಅಂತಲ್ಲ. ಹಾಗೇ ಕೇಳಿದರೆ ನಿಮಗೆ ಸಿಗುವುದು ದಿನಕ್ಕೆ ಮೂರೋ ನಾಲ್ಕೋ ಟ್ರಿಪ್ಪು, ಅದೂ ಹೊತ್ತು ಗೊತ್ತಿಲ್ಲದೆ ಬರುವ ಬಸ್ಸು. ನಿಮಗೆ ಬೇಕಿರುವುದು ಹದಿನೈದು ನಿಮಿಷಕ್ಕೊಂದು ಬಸ್ಸು, ಒಂದೇ ಪಾಸು, ರಾತ್ರಿ ನಂಬಬಹುದಾದ ಒಂದು ಕೊನೆಯ ಬಸ್ಸು. ಇವು ಬೇರೆ ದಾರಿಯಲ್ಲಿ ಬೇಗ ಸಿಗುತ್ತವೆ.

ಮೊದಲು ಆ ಒಂದು ಸಾಲಿನ ಉತ್ತರದ ವಿಷಯ. ಬಿಎಂಟಿಸಿ ಹುಟ್ಟಿದ್ದು 1997ರಲ್ಲಿ, ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ. ನಗರದ ಬಸ್ಸು ಇದಕ್ಕೆ, ಊರೂರಿನ ಬಸ್ಸು ಅದಕ್ಕೆ ಎಂದು ಕೆಲಸ ಹಂಚಿದರು. ಹಂಚಿದ ಮೇಲೆ ಗೆರೆ ಬೇಕಲ್ವಾ? ಪಾಲಿಕೆಯ ಗಡಿಯಿಂದಾಚೆ 25 ಕಿ.ಮೀ.ವರೆಗೆ ಬಿಎಂಟಿಸಿ ಹೋಗಬಹುದು ಎಂಬುದು ಬಹಳ ಕಾಲದಿಂದ ನಡೆದುಬಂದ ಲೆಕ್ಕ. ಕೆಂಗೇರಿ ದಾಟಿದರೆ ನಗರದ ಅಂಚು. ಅಲ್ಲಿಂದ ಬಿಡದಿ ಈ ಅಳತೆಯೊಳಗೆ ಸಲೀಸಾಗಿ ಬರುತ್ತದೆ, ರಾಮನಗರ ಸ್ವಲ್ಪದರಲ್ಲೇ ಹೊರಗೆ ಬೀಳುತ್ತದೆ. ಈ ಮಿತಿಯನ್ನು 40 ಕಿ.ಮೀ.ಗೆ ಹಿಗ್ಗಿಸುವ ಮಾತು ಈಚೆಗೆ ಬಂದಿದೆ. ಹಿಗ್ಗಿದರೆ ರಾಮನಗರ ಒಳಗೆ ಬರುತ್ತದೆ.

ಜಿಲ್ಲೆಯ ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ. 2025ರಲ್ಲಿ ಹೆಸರು ಬದಲಾಯಿತು, ಬಸ್ಸಿನ ಪರ್ಮಿಟ್ಟು ಬದಲಾಗಲಿಲ್ಲ. ಬೆಂಗಳೂರಿನ ಸುತ್ತ ಗೆರೆಗಳು ಒಂದೆರಡಲ್ಲ. ಪಾಲಿಕೆಗಳ ಗಡಿ ಒಂದು, ಬಿಡಿಎ ಗಡಿ ಇನ್ನೊಂದು. ಬಿಎಂಆರ್‌ಡಿಎ (ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ) ವ್ಯಾಪ್ತಿ ಸುಮಾರು 8,000 ಚದರ ಕಿ.ಮೀ., ಅದರೊಳಗೆ ನಿಮ್ಮ ಜಿಲ್ಲೆ ಪೂರ್ತಿ ಇದೆ. ಅಂದರೆ ಊರಿನ ಯೋಜನೆಯ ಲೆಕ್ಕದಲ್ಲಿ ನೀವು ಬೆಂಗಳೂರು ಪ್ರದೇಶದವರೇ. ಬಸ್ಸಿನ ಲೆಕ್ಕದಲ್ಲಿ ಮಾತ್ರ ಹೊರಗಿನವರು.

ಈ ಗೆರೆ ಅಳಿಸಲಾಗದ್ದೇನೂ ಅಲ್ಲ. ಕೆಂಗೇರಿ 2007ರವರೆಗೆ ಪ್ರತ್ಯೇಕ ಪುರಸಭೆಯಾಗಿತ್ತು. ಯಲಹಂಕ, ಕೆ.ಆರ್. ಪುರ, ಬೊಮ್ಮನಹಳ್ಳಿಗಳು ನಗರಸಭೆಗಳಾಗಿದ್ದವು. ಅವು ಬಿಬಿಎಂಪಿಗೆ ಸೇರುವುದಕ್ಕಿಂತ ಎಷ್ಟೋ ಮೊದಲೇ ಅಲ್ಲಿಗೆಲ್ಲ ನಗರ ಬಸ್ಸು ಓಡಾಡುತ್ತಿತ್ತು. ಬೆಂಗಳೂರಿನಲ್ಲಿ ಯಾವತ್ತೂ ಬಸ್ಸು ಮುಂದೆ, ಗಡಿ ಹಿಂದೆ.

ಕಾನೂನಿನಲ್ಲೂ ದಾರಿ ಇದೆ. 1988ರ ಮೋಟಾರು ವಾಹನ ಕಾಯ್ದೆಯ 6ನೇ ಅಧ್ಯಾಯ ಸರ್ಕಾರಿ ಸಾರಿಗೆ ಸಂಸ್ಥೆಗಳಿಗೆಂದೇ ಇದೆ. 99ನೇ ಸೆಕ್ಷನ್‌ನಲ್ಲಿ ಒಂದು ಪ್ರದೇಶದಲ್ಲೋ ಮಾರ್ಗದಲ್ಲೋ ಯಾರು ಬಸ್ಸು ಓಡಿಸಬೇಕು ಎಂಬ ಸ್ಕೀಮು ಪ್ರಕಟಿಸುತ್ತಾರೆ. 100ರಲ್ಲಿ ಆಕ್ಷೇಪಣೆಗೆ 30 ದಿನ ಕೊಡುತ್ತಾರೆ. ಬೇಕಾದರೆ 102ರಲ್ಲಿ ಸ್ಕೀಮು ಬದಲಿಸುತ್ತಾರೆ. ಒಂದು ಕಾಲದಲ್ಲಿ ಇಲ್ಲಿ ದೊಡ್ಡ ಜಗಳವಿದ್ದದ್ದು ಖಾಸಗಿ ಬಸ್ ಮಾಲೀಕರ ಜೊತೆ. ಆನೇಕಲ್ ಸುತ್ತಲಿನ ಮಾರ್ಗಗಳನ್ನು ಸರ್ಕಾರವೇ ವಹಿಸಿಕೊಂಡಾಗ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು, 1960ರಲ್ಲಿ ತೀರ್ಪು ಬಂತು. ನಿಮ್ಮ ವಿಷಯದಲ್ಲಿ ಅಂಥ ತೊಡಕಿಲ್ಲ. ಬಿಎಂಟಿಸಿಯೂ ಸರ್ಕಾರದ್ದು, ಕೆಎಸ್‌ಆರ್‌ಟಿಸಿಯೂ ಸರ್ಕಾರದ್ದು. ಎರಡಕ್ಕೂ ಒಬ್ಬರೇ ಸಾರಿಗೆ ಸಚಿವರು. ಕೂತು ಮಾತಾಡಿದರೆ ಮುಗಿಯುವ ಕೆಲಸ.

ಕಷ್ಟವೇನಿದ್ದರೂ ಹೊಸೂರಿನ ಕಡೆಯವರಿಗೆ. ಅತ್ತಿಬೆಲೆ ದಾಟಿದರೆ ತಮಿಳುನಾಡು. ಅಲ್ಲಿ ಎರಡು ರಾಜ್ಯಗಳ ನಡುವೆ ಒಪ್ಪಂದ ಬೇಕು. ಯಾವ ಮಾರ್ಗ, ಎಷ್ಟು ಬಸ್ಸು, ಎಷ್ಟು ಟ್ರಿಪ್ಪು ಎಂದು ಇಬ್ಬರೂ ಒಪ್ಪಬೇಕು, ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು. ನಾವು ಎಷ್ಟು ಕಿ.ಮೀ. ಓಡಿಸುತ್ತೇವೋ ಸರಿಸುಮಾರು ಅಷ್ಟು ಅವರೂ ಓಡಿಸಬೇಕು ಎಂಬ ಸಮತೋಲನದ ಲೆಕ್ಕ ಬೇರೆ. ಇಷ್ಟೆಲ್ಲ ಆಗಬೇಕಾದ್ದರಿಂದ ಗಡಿಯಿಂದ ಕೆಲವೇ ಕಿ.ಮೀ. ದೂರದ ಊರಿಗೂ ಬಸ್ಸು ಹೆಚ್ಚಿಸಲು ವರ್ಷಗಳು ಹಿಡಿಯುತ್ತವೆ. ಅದಕ್ಕೆ ಹೋಲಿಸಿದರೆ ನಿಮ್ಮ ದಾರಿ ಸುಲಭ.

ಹಾಗಾದರೆ ಬಸ್ಸು ಯಾಕೆ ಬರುತ್ತಿಲ್ಲ? ಅದಕ್ಕೆ ಗಡಿಯಾರ ಹಿಡಿದು ಲೆಕ್ಕ ಹಾಕಬೇಕು. ಒಂದು ಮಾರ್ಗಕ್ಕೆ ಎಷ್ಟು ಬಸ್ಸು ಬೇಕು ಎಂದು ತಿಳಿಯಲು ಶೆಡ್ಯೂಲ್ ಹಾಕುವವರು ಒಂದು ಸರಳ ಭಾಗಾಕಾರ ಮಾಡುತ್ತಾರೆ. ಬಸ್ಸು ಹೋಗಿ ಬರಲು ಹಿಡಿಯುವ ಹೊತ್ತನ್ನು, ಎಷ್ಟು ನಿಮಿಷಕ್ಕೊಂದು ಬಸ್ಸು ಬೇಕೋ ಅದರಿಂದ ಭಾಗಿಸುತ್ತಾರೆ.

ರಾಮನಗರದಿಂದ ಮೆಜೆಸ್ಟಿಕ್‌ಗೆ ಸುಮಾರು 50 ಕಿ.ಮೀ. ಹಳೆ ರಸ್ತೆಯಲ್ಲಿ, ಬಿಡದಿ ಕೆಂಗೇರಿ ಒಳಗಿಂದ, ಜನ ಹತ್ತಿಸಿ ಇಳಿಸುತ್ತಾ ಬಂದರೆ ದಟ್ಟಣೆಯ ಹೊತ್ತಿನಲ್ಲಿ 2 ಗಂಟೆ ಎಂದಿಟ್ಟುಕೊಳ್ಳಿ. ಎರಡೂ ಕಡೆ 15 ನಿಮಿಷ ನಿಲುಗಡೆ. ಹೋಗಿ ಬರಲು ನಾಲ್ಕೂವರೆ ಗಂಟೆ, ಅಂದರೆ 270 ನಿಮಿಷ. ಹದಿನೈದು ನಿಮಿಷಕ್ಕೊಂದು ಬಸ್ಸು ಬೇಕು ಅಂದರೆ 18 ಬಸ್ಸು ಬೇಕು. ಕೆಟ್ಟರೆ ಇರಲಿ ಎಂದು ಒಂದೆರಡು ಜಾಸ್ತಿ.

ಈಗ ಅದೇ ಬಸ್ಸನ್ನು ರಾಮನಗರದಿಂದ ಚಲ್ಲಘಟ್ಟ ಮೆಟ್ರೊ ನಿಲ್ದಾಣದವರೆಗೆ ಮಾತ್ರ ಓಡಿಸಿ ನೋಡೋಣ. ಒಂದು ಕಡೆಗೆ ಒಂದು ಗಂಟೆ, ಎರಡೂ ಕಡೆ ಸೇರಿ 20 ನಿಮಿಷ ನಿಲುಗಡೆ. ಒಟ್ಟು 140 ನಿಮಿಷ. ಹದಿನೈದು ನಿಮಿಷಕ್ಕೊಂದು ಬಿಡಲು 10 ಬಸ್ಸು ಸಾಕು. ಆ 18 ಬಸ್ಸುಗಳನ್ನೂ ಇಲ್ಲೇ ಬಿಟ್ಟರೆ ಎಂಟು ನಿಮಿಷಕ್ಕೊಂದು ಬರುತ್ತದೆ. ಇವು ನನ್ನ ಅಂದಾಜಿನ ಹೊತ್ತುಗಳು, ನಿಮ್ಮ ಅನುಭವದ ಪ್ರಕಾರ ಹತ್ತು ನಿಮಿಷ ಆಚೀಚೆ ಮಾಡಿಕೊಳ್ಳಿ. ಲೆಕ್ಕದ ಸ್ವರೂಪ ಬದಲಾಗಲ್ಲ.

ಚಾಲಕ ಮತ್ತು ನಿರ್ವಾಹಕರ ಪಾಳಿಯೂ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದಿನಕ್ಕೆ 8 ಗಂಟೆ ಕೆಲಸ ಎಂಬುದು ಲೆಕ್ಕ. ಐದು ಗಂಟೆ ಕೆಲಸ ಆಗುವುದರೊಳಗೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು. ನಾಲ್ಕೂವರೆ ಗಂಟೆಯ ಸುತ್ತು ಎಂಟು ಗಂಟೆಗೆ ಎಷ್ಟು ಸಲ ಹಿಡಿಯುತ್ತದೆ? ಎರಡು ಹಿಡಿಯಲ್ಲ. ಎರಡನೇ ಸುತ್ತು ಓಡಿಸಿದರೆ ಓವರ್‌ಟೈಮ್ ಕೊಡಬೇಕು, ಓಡಿಸದಿದ್ದರೆ ಮೂರು ಗಂಟೆಯ ಮೇಲೆ ಹೊತ್ತು ಸುಮ್ನೆ ಹೋಗುತ್ತದೆ. ಶೆಡ್ಯೂಲ್ ಹಾಕುವವರಿಗೆ ಇಂಥ ಉದ್ದದ ಮಾರ್ಗ ಕಂಡರೆ ಆಗುವುದಿಲ್ಲ. ಅದು ಅವರ ಸೋಮಾರಿತನ ಅಲ್ಲ. ಗಂಟೆಗಳು ಹೊಂದುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ನಂಬಿಕೆಯದು. ಮಾರ್ಗ ಉದ್ದ ಆದಷ್ಟೂ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದು ಕಷ್ಟ. ನಾಯಂಡಹಳ್ಳಿಯಲ್ಲಿ ಅರ್ಧ ಗಂಟೆ ಟ್ರಾಫಿಕ್ ಕಟ್ಟಿಕೊಂಡರೆ ಅದರ ಶಿಕ್ಷೆ ರಾಮನಗರದ ಬಸ್ ನಿಲ್ದಾಣದಲ್ಲಿ ಕಾಯುವವರಿಗೆ. ನಿಮ್ಮ ಊರಿನಲ್ಲಿ ರಸ್ತೆ ಖಾಲಿ ಇದ್ದರೂ ಬಸ್ಸು ಇಲ್ಲ, ಯಾಕೆಂದರೆ ಅದು ಇನ್ನೂ ನಗರದೊಳಗೆ ಸಿಕ್ಕಿಕೊಂಡಿದೆ. ತಡವಾದ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಜನ ಜಾಸ್ತಿ ಸೇರಿರುತ್ತಾರೆ. ಹತ್ತಿಸಿಕೊಳ್ಳಲು ಹೊತ್ತು ಹಿಡಿದು ಅದು ಇನ್ನೂ ತಡ ಆಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬಂದು ಮುಂದಿನದನ್ನು ಮುಟ್ಟುತ್ತದೆ. ಬಂದರೆ ಮೂರು ಒಟ್ಟಿಗೆ, ಇಲ್ಲದಿದ್ದರೆ ಒಂದೂ ಇಲ್ಲ ಎಂದು ಜನ ಬೈಯುವುದು ಇದನ್ನೇ. 15 ಕಿ.ಮೀ. ಮಾರ್ಗದಲ್ಲಿ ಇದನ್ನು ಟಿಸಿ (ಸಂಚಾರ ನಿಯಂತ್ರಕ) ಒಬ್ಬರು ನಿಂತು ಸರಿ ಮಾಡಬಹುದು. 50 ಕಿ.ಮೀ. ಮಾರ್ಗದಲ್ಲಿ ಅದು ಅವರ ಕೈ ಮೀರಿದ್ದು.

ಸಂಜೆ ಇನ್ನೊಂದು ರೀತಿಯ ಅನ್ಯಾಯ ಆಗುತ್ತದೆ. ಮೆಜೆಸ್ಟಿಕ್‌ನಲ್ಲೋ ಮಾರ್ಕೆಟ್‌ನಲ್ಲೋ ಬಸ್ಸು ಬಂದ ಕೂಡಲೇ ಕೆಂಗೇರಿಯವರು, ರಾಜರಾಜೇಶ್ವರಿನಗರದವರು ತುಂಬಿಕೊಳ್ಳುತ್ತಾರೆ. ಅವರಿಗೂ ಹಕ್ಕಿದೆ, ನಗರ ಬಸ್ಸೇ ಅಲ್ವಾ. ಆದರೆ 50 ಕಿ.ಮೀ. ಹೋಗಬೇಕಾದ ನೀವು ಅರ್ಧ ದಾರಿ ನಿಂತು ಬರುತ್ತೀರಿ, ಕೆಂಗೇರಿ ದಾಟಿದ ಮೇಲೆ ಅರ್ಧ ಬಸ್ಸು ಖಾಲಿ. ನಗರ ಬಸ್ಸನ್ನು ಕಟ್ಟುವುದೇ ಹೀಗೆ. ಎರಡು ಅಗಲದ ಬಾಗಿಲು, ನಿಲ್ಲಲು ಜಾಗ, ಸೀಟು ಕಡಿಮೆ. ಹತ್ತು ನಿಮಿಷ ನಿಂತು ಇಳಿದುಹೋಗುವವರಿಗೆ ಅದು ಸರಿ. ವಯಸ್ಸಾದವರನ್ನು ಎರಡು ಗಂಟೆ ನಿಲ್ಲಿಸಿ, ಬಿಡದಿ ದಾಟಿದ ಮೇಲೆ ವೇಗವಾಗಿ ಓಡಿಸಲು ಅದನ್ನು ಕಟ್ಟಿಲ್ಲ.

ಇನ್ನು ಹಣ. ಬಿಎಂಟಿಸಿ ಹೊರಗಿನ ಮಾರ್ಗಗಳಿಗೆ ಹಿಂಜರಿಯುವುದು ಮುಖ್ಯವಾಗಿ ಇದಕ್ಕೆ. ಇಲ್ಲಿ ಅವರು ಹೇಳುವುದರಲ್ಲಿ ಅರ್ಧ ಸರಿ, ಅರ್ಧ ಸರಿಯಿಲ್ಲ. ಅದನ್ನು ನೀವು ತಿಳಿದುಕೊಳ್ಳಲೇಬೇಕು, ಯಾಕೆಂದರೆ ಅರ್ಜಿಗೆ ಬರುವ ಎರಡನೇ ಉತ್ತರ ಇದೇ ಆಗಿರುತ್ತದೆ: 'ಲಾಭದಾಯಕವಲ್ಲ'.

ಸರಿ ಇರುವ ಭಾಗ ಇದು. ನಗರದೊಳಗೆ ಒಂದೇ ಸೀಟು ಒಂದು ಟ್ರಿಪ್ಪಿನಲ್ಲಿ ಎರಡು ಮೂರು ಸಲ ಮಾರಾಟವಾಗುತ್ತದೆ. ಒಬ್ಬರು ನಾಯಂಡಹಳ್ಳಿಯಲ್ಲಿ ಇಳಿದರೆ ಇನ್ನೊಬ್ಬರು ಅಲ್ಲೇ ಹತ್ತುತ್ತಾರೆ. ಸಣ್ಣ ಸಣ್ಣ ಸ್ಟೇಜಿನ ಟಿಕೆಟ್ಟುಗಳೇ ನಗರ ಬಸ್ಸಿನ ಜೀವಾಳ. ಬಿಡದಿ ದಾಟಿದ ಮೇಲೆ ಸೀಟು ಒಮ್ಮೆ ಮಾರಾಟವಾದರೆ ಆಯಿತು. ಜೊತೆಗೆ ಬೆಳಗ್ಗೆ ಒಂದು ಕಡೆಗೆ ತುಂಬಿದ ಬಸ್ಸು, ಇನ್ನೊಂದು ಕಡೆಗೆ ಖಾಲಿ. ಬಿಡದಿಗೆ ಈ ತೊಂದರೆ ಕಡಿಮೆ. ಅಲ್ಲಿ ಟೊಯೊಟಾ ಕಾರ್ಖಾನೆ ಇದೆ, ಅದರ ಸುತ್ತ ಬೇಕಾದಷ್ಟು ಕಾರ್ಖಾನೆಗಳು ಬೆಳೆದಿವೆ, ಕಾಲೇಜುಗಳಿವೆ, ವಂಡರ್‌ಲಾ ಇದೆ. ಬೆಂಗಳೂರಿನಿಂದ ಬಿಡದಿಗೂ ಜನ ಬರುತ್ತಾರೆ. ಹಾಗಾಗಿ ಬಿಡದಿಗೆ ಬಸ್ಸು ಜಾಸ್ತಿ ಇರುವುದು ಬರೀ ಗಡಿಯ ಪುಣ್ಯ ಅಲ್ಲ.

ಸರಿಯಿಲ್ಲದ ಭಾಗವೂ ಇದೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಸಾರಿಗೆ ಸಂಸ್ಥೆಗಳು ಎಲ್ಲವನ್ನೂ ಕಿಲೋಮೀಟರಿಗೆ ಅಳೆಯುತ್ತವೆ. ಒಂದು ಕಿ.ಮೀ.ಗೆ ಎಷ್ಟು ಗಳಿಕೆ, ಒಂದು ಕಿ.ಮೀ.ಗೆ ಎಷ್ಟು ಖರ್ಚು. ಇಡೀ ನಗರದ ಸರಾಸರಿ ಖರ್ಚನ್ನು ತೆಗೆದು ನಿಮ್ಮ ಮಾರ್ಗಕ್ಕೂ ಹಚ್ಚುತ್ತಾರೆ. ಆದರೆ ಬಸ್ಸಿನ ಖರ್ಚು ಎರಡು ಬಗೆ. ಡೀಸೆಲ್, ಟೈರು ಇವು ಓಡಿದ ದೂರಕ್ಕೆ ತಕ್ಕಂತೆ. ಚಾಲಕ ನಿರ್ವಾಹಕರ ಸಂಬಳ, ಬಸ್ಸಿನ ಸಾಲದ ಕಂತು, ಡಿಪೋ ಖರ್ಚು ಇವು ಕಳೆದ ಹೊತ್ತಿಗೆ ತಕ್ಕಂತೆ. ನಗರದೊಳಗೆ ಗಂಟೆಗೆ 15 ಕಿ.ಮೀ. ಹೋಗುವ ಬಸ್ಸು ಬಿಡದಿ–ರಾಮನಗರ ನಡುವೆ 30 ಕಿ.ಮೀ. ಹೋಗುತ್ತದೆ ಅನ್ನೋಣ. ಆಗ ಪ್ರತಿ ಕಿ.ಮೀ.ಗೆ ಬೀಳುವ ಸಂಬಳದ ಖರ್ಚು ಅರ್ಧ ಆಗುತ್ತದೆ. ಅಡಿಗಡಿಗೂ ಬ್ರೇಕು, ಕ್ಲಚ್ಚು ಒತ್ತುವುದೂ ಇಲ್ಲ, ಡೀಸೆಲ್ ಕೂಡ ಉಳಿಯುತ್ತದೆ. ನಗರದ ಸರಾಸರಿ ಖರ್ಚನ್ನು ಇಂಥ ರಸ್ತೆಗೆ ಹಚ್ಚಿದರೆ ನಷ್ಟ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 'ಗಂಟೆ ಲೆಕ್ಕದಲ್ಲಿ ಗಳಿಕೆ–ಖರ್ಚು ಕೊಡಿ' ಎಂದು ಕೇಳಿ. ಚಿತ್ರ ಬೇರೆಯೇ ಇರುತ್ತದೆ.

ವಿದ್ಯುತ್ ಬಸ್ಸುಗಳ ವಿಷಯದಲ್ಲಿ ಇನ್ನೊಂದು ಮಾತು. ಬಿಎಂಟಿಸಿಗೆ ಈಚಿನ ವರ್ಷಗಳಲ್ಲಿ ಬಂದ ವಿದ್ಯುತ್ ಬಸ್ಸುಗಳು ಗುತ್ತಿಗೆಯ ಮೇಲೆ ಓಡುತ್ತವೆ. ಬಸ್ಸು, ಚಾಲಕ ಕಂಪನಿಯದು, ಟಿಕೆಟ್ ಹಣ ಬಿಎಂಟಿಸಿಯದು. ಕಂಪನಿಗೆ ಕೊಡುವುದು ಕಿ.ಮೀ. ಲೆಕ್ಕದಲ್ಲಿ, ದಿನಕ್ಕೆ ಇಷ್ಟು ಕಿ.ಮೀ. ಎಂದು ಖಾತ್ರಿ ಇರುತ್ತದೆ. ಓಡಿಸದಿದ್ದರೂ ಆ ಹಣದ ದೊಡ್ಡ ಪಾಲು ಕೊಡಲೇಬೇಕಾಗುತ್ತದೆ. ಟ್ರಾಫಿಕ್‌ನಲ್ಲಿ ಆ ಕಿ.ಮೀ. ತುಂಬುವುದು ಕಷ್ಟ, ಹೊರಗಿನ ರಸ್ತೆಯಲ್ಲಿ ಸುಲಭ. ಹಾಗಾಗಿ ಊರಾಚೆಯ ಮಾರ್ಗಗಳಿಗೆ ಈ ಒಪ್ಪಂದ ಒಗ್ಗುತ್ತದೆ. ಚಾರ್ಜಿಂಗ್‌ಗೆ ಆ ತುದಿಯಲ್ಲಿ ಜಾಗ ಬೇಕು, ಅಷ್ಟೇ.

ಈಗ ನಿಮ್ಮ ಊರಿನ ಬಸ್ಸು ಎಲ್ಲಿ ಹೋಯಿತು ಎಂದು ನೋಡಿ. ರಾಮನಗರದವರು, ಚನ್ನಪಟ್ಟಣದವರು ಯಾವತ್ತೂ ಬರೀ ತಮ್ಮ ಊರಿನ ಬಸ್ಸನ್ನು ನಂಬಿದವರಲ್ಲ. ಮೈಸೂರು, ಮಂಡ್ಯ, ಮದ್ದೂರು ಕಡೆಯಿಂದ ಬರುವ ಬಸ್ಸುಗಳೆಲ್ಲ ಊರೊಳಗೆ ಹಾದುಹೋಗುತ್ತಿದ್ದವು, ಕೈ ಅಡ್ಡ ಹಿಡಿದರೆ ಎಷ್ಟೋ ಬಸ್ಸು ನಿಲ್ಲುತ್ತಿತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸ್. ತಡೆರಹಿತ ಬಸ್ಸುಗಳು ಊರಿನ ಹೊರಗೇ ಹೋಗತೊಡಗಿದವು. ಮೈಸೂರಿಗೆ ಹೋಗುವವರಿಗೆ ಹೊತ್ತು ಉಳಿಯಿತು, ನಡುವಿನ ಊರುಗಳಿಗೆ ಬಸ್ಸು ಕಡಿಮೆಯಾಯಿತು. ಹಳೆ ರಸ್ತೆ ಹಾಗೇ ಇದೆ, ಮೊದಲಿಗಿಂತ ಖಾಲಿಯೂ ಇದೆ. ಅದರ ಮೇಲೆ ಓಡಬೇಕಾದ ಬಸ್ಸನ್ನು ಮಾತ್ರ ಯಾರೂ ತುಂಬಿಕೊಡಲಿಲ್ಲ. ನಿಮ್ಮ ಅರ್ಜಿಯಲ್ಲಿ ಗಡಿಯ ಮಾತಿಗಿಂತ ಮೊದಲು ಬರಬೇಕಾದದ್ದು ಇದು ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ನನ್ನ ಸಲಹೆ ಹೀಗಿದೆ. ಹಳೆ ರಸ್ತೆಯ ಮೇಲೆ ರಾಮನಗರ–ಬಿಡದಿ–ಚಲ್ಲಘಟ್ಟ ನಡುವೆ ಬೆಳಗ್ಗೆಯಿಂದ ರಾತ್ರಿವರೆಗೆ ಹದಿನೈದು ನಿಮಿಷಕ್ಕೊಂದು ಬಸ್ಸು ಕೇಳಿ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿದರೆ ನಿಮ್ಮ ರಾಜಾಜಿನಗರಕ್ಕೇ ನಿಲ್ದಾಣವಿದೆ. ಬಿಡದಿಯಲ್ಲಿ ಕಾರ್ಖಾನೆಯ ಜನ ಇಳಿಯುತ್ತಾರೆ, ಅಲ್ಲೇ ಬೆಂಗಳೂರಿಗೆ ಹೋಗುವವರು ಹತ್ತುತ್ತಾರೆ. ಒಂದು ಸೀಟು ಎರಡು ಸಲ ಮಾರಾಟವಾಗುತ್ತದೆ. ಇಂಥ ಮಾರ್ಗ ತನ್ನ ಖರ್ಚಿನ ದೊಡ್ಡ ಪಾಲನ್ನು ತಾನೇ ತುಂಬಿಕೊಳ್ಳುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ. 'ಮೆಟ್ರೊ ಇದೆಯಲ್ಲ, ಎಲ್ಲರೂ ಅಲ್ಲೇ ಇಳಿಯಲಿ' ಎಂದು ನೇರ ಬಸ್ಸುಗಳನ್ನು ತೆಗೆದುಹಾಕಿದರೆ ನೀವು ಒಪ್ಪಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮೆಟ್ರೊದಲ್ಲಿ ಇದೆ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು. ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಚಲ್ಲಘಟ್ಟದಲ್ಲಿ ಇಳಿಯಿರಿ ಎನ್ನುವುದು ದಿನಾ ಎರಡು ಹೊತ್ತು ದುಡ್ಡು ಕೊಡಿ ಎಂದ ಹಾಗೆ. ಅದು ದೊಡ್ಡ ಅನ್ಯಾಯ. ಆದ್ದರಿಂದ ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ, ಸಂಜೆ ಐದರಿಂದ ಎಂಟರವರೆಗೆ ಮಾರ್ಕೆಟ್, ಮೆಜೆಸ್ಟಿಕ್‌ಗೆ ನೇರ ಟ್ರಿಪ್ಪುಗಳು ಇರಲೇಬೇಕು. ಅವು ಕೆಂಗೇರಿಯೊಳಗೆ ಕೆಲವೇ ಕಡೆ ನಿಲ್ಲಲಿ. ಸಂಜೆ ಹೊರಡುವಾಗ ಕೆಂಗೇರಿಗಿಂತ ಮೊದಲಿನ ಸ್ಟಾಪುಗಳಿಗೆ ಟಿಕೆಟ್ ಕೊಡದಿದ್ದರೆ ದೂರದವರಿಗೆ ಸೀಟು ಸಿಗುತ್ತದೆ.

ಬಸ್ಸು ಯಾರದ್ದು ಎಂಬುದು ನನಗೆ ಅಷ್ಟು ಮುಖ್ಯ ಅಲ್ಲ. ನಿಮಗೂ ಆಗಬಾರದು. ರಾಮನಗರದಲ್ಲಿ ಕೆಎಸ್‌ಆರ್‌ಟಿಸಿಯದ್ದೇ ವಿಭಾಗ ಇದೆ, ಡಿಪೋ ಇದೆ. ಆ ಡಿಪೋಗೆ ಬೆಂಗಳೂರು ಟ್ರಿಪ್ಪುಗಳೇ ಆದಾಯ. ಆ ಆದಾಯದಿಂದಲೇ ರಾತ್ರಿ ಹಳ್ಳಿಯಲ್ಲಿ ನಿಂತು ಬೆಳಗ್ಗೆ ಆರಕ್ಕೆ ಹೊರಡುವ ನೈಟ್ ಹಾಲ್ಟ್ ಬಸ್ಸುಗಳು ನಡೆಯುತ್ತವೆ. ಬಿಎಂಟಿಸಿ ಬಂದು ಬೆಂಗಳೂರು ಪ್ರಯಾಣಿಕರನ್ನೆಲ್ಲ ಎತ್ತಿಕೊಂಡು ಹೋದರೆ ಡಿಪೋ ಮೊದಲು ಕಡಿಯುವುದು ಆ ಹಳ್ಳಿ ಟ್ರಿಪ್ಪುಗಳನ್ನು. ಪಟ್ಟಣಕ್ಕೆ ಲಾಭ, ಹತ್ತು ಕಿ.ಮೀ. ಒಳಗಿನ ಹಳ್ಳಿಗೆ ನಷ್ಟ. ರೇಷ್ಮೆಗೂಡು ಹೊತ್ತು ಮಾರುಕಟ್ಟೆಗೆ ಬರುವ ರೈತರು, ಹೈಸ್ಕೂಲಿಗೆ ಬರುವ ಮಕ್ಕಳು ನಿಮ್ಮ ಅರ್ಜಿಗೆ ಸಹಿ ಹಾಕಿರುವುದಿಲ್ಲ. ಆದರೂ ಅದರ ಪರಿಣಾಮ ಅನುಭವಿಸುವವರು ಅವರೇ.

ಅದಕ್ಕೇ ಎರಡೂ ಸಂಸ್ಥೆಗಳು ಸೇರಿ ಓಡಿಸುವುದು ಒಳ್ಳೆಯದು. ಮುಂಬೈ ಸುತ್ತ ಹೀಗೇ ನಡೆಯುತ್ತದೆ. ಅಲ್ಲಿನ ನಗರ ಸಾರಿಗೆ ಸಂಸ್ಥೆ ಬೆಸ್ಟ್‌ನ ಬಸ್ಸುಗಳು ಮುಂಬೈ ದಾಟಿ ಠಾಣೆ, ನವಿ ಮುಂಬೈ, ಮೀರಾ–ಭಾಯಂದರ್‌ಗೆ ಹೋಗುತ್ತವೆ. ಠಾಣೆಯ, ನವಿ ಮುಂಬೈಯ ಬಸ್ಸುಗಳು ಮುಂಬೈ ಒಳಗೆ ಬರುತ್ತವೆ. ಹೊರಗಿನ ಊರಿನ ಬಸ್ಸು ಒಳಗೆ ಬರುವುದಕ್ಕೂ ಅಷ್ಟೇ ಬೆಲೆ ಕೊಟ್ಟದ್ದು ಅಲ್ಲಿನ ಜಾಣತನ. ನಮ್ಮಲ್ಲಿ ಮಾತೆಲ್ಲ ಬಿಎಂಟಿಸಿ ಹೊರಗೆ ಹೋಗುವುದರ ಮೇಲೆಯೇ ನಡೆಯುತ್ತದೆ. ರಾಮನಗರ ಡಿಪೋದ ಬಸ್ಸು ಚಲ್ಲಘಟ್ಟಕ್ಕೆ ಹದಿನೈದು ನಿಮಿಷಕ್ಕೊಂದು ಬಂದರೂ ನಿಮ್ಮ ಕೆಲಸ ಆಗುತ್ತದೆ. ಆ ಡಿಪೋದ ಬಸ್ಸು ಬೆಳಗ್ಗೆ ನಿಮ್ಮ ಊರಿನಿಂದಲೇ ಹೊರಡುವುದರಿಂದ ಖಾಲಿ ಓಡುವ ಡೆಡ್ ಕಿಲೋಮೀಟರೂ ಇಲ್ಲ. ಬಿಎಂಟಿಸಿಯ ಬಸ್ಸಾದರೆ ಮೊದಲ ಟ್ರಿಪ್ಪಿಗೆ ನಗರದ ಡಿಪೋದಿಂದ ಖಾಲಿ ಬರಬೇಕು, ಇಲ್ಲವೇ ನಿಮ್ಮೂರಲ್ಲಿ ರಾತ್ರಿ ನಿಲ್ಲಬೇಕು.

ಇದೆಲ್ಲ ನಡೆಯಬೇಕಾದರೆ ಪಾಸು ಒಂದೇ ಆಗಬೇಕು. ನಿಮ್ಮ ಬೇಡಿಕೆಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಬಿಡದಿಯಲ್ಲಿ ಬಸ್ಸು ಬದಲಿಸುವುದು ಕಷ್ಟ ಅಲ್ಲ, ಎರಡು ಸಲ ದುಡ್ಡು ಕೊಟ್ಟು, ಯಾವಾಗ ಬರುತ್ತದೋ ಗೊತ್ತಿಲ್ಲದ ಬಸ್ಸಿಗೆ ಕಾಯುವುದು ಕಷ್ಟ. ಬಿಎಂಟಿಸಿ ಪಾಸಿಗೆ ಸ್ವಲ್ಪ ಹೆಚ್ಚು ಹಣ ಸೇರಿಸಿ, ರಾಮನಗರದವರೆಗೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲೂ ಅದು ನಡೆಯುವ ಹಾಗೆ ಮಾಡಿದರೆ ಸಾಕು. ಹಣ ಹಂಚಿಕೊಳ್ಳುವುದು ಎರಡು ಸಂಸ್ಥೆಗಳ ಲೆಕ್ಕಪತ್ರದ ಕೆಲಸ. ಟಿಕೆಟ್ ಯಂತ್ರದಲ್ಲಿ ಪ್ರತಿ ಪಾಸಿನ ಪ್ರಯಾಣ ನಮೂದಾದರೆ ಹಂಚಿಕೆಯಲ್ಲಿ ಜಗಳ ಬರುವುದಿಲ್ಲ. ಹೊಸ ಬಸ್ಸು ಕೊಳ್ಳಬೇಕಿಲ್ಲ, ಗಡಿ ಬದಲಿಸಬೇಕಿಲ್ಲ. ಈ ಬಗೆಯ ಕೂಡುವ ಕೆಲಸಕ್ಕೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಬಂದಿದೆ. ಅದರ ಹೆಸರನ್ನೂ ಅರ್ಜಿಯಲ್ಲಿ ಬರೆಯಿರಿ.

ರೈಲನ್ನೂ ಮರೆಯಬೇಡಿ. ರಾಮನಗರ, ಕೇತೋಹಳ್ಳಿ, ಬಿಡದಿ, ಹೆಜ್ಜಾಲ, ಕೆಂಗೇರಿ ಎಲ್ಲ ಒಂದೇ ಸಾಲಿನಲ್ಲಿವೆ, ಜೋಡಿ ಹಳಿ, ವಿದ್ಯುತ್ ಮಾರ್ಗ. ಬೆಳಗಿನ ಮೆಮು ರೈಲು ಹೊರಡುವ ಮೊದಲು ಸುತ್ತಲಿನ ಹಳ್ಳಿಯ ಬಸ್ಸು ರೈಲು ನಿಲ್ದಾಣಕ್ಕೆ ಬರುವ ಹಾಗೆ ಹೊತ್ತು ಹೊಂದಿಸಿದರೆ ಬೆಂಗಳೂರು ಬಸ್ಸಿನ ಮೇಲಿನ ಒತ್ತಡವೇ ಇಳಿಯುತ್ತದೆ. ಇದಕ್ಕೆ ಡಿಪೋ ಮಟ್ಟದಲ್ಲೇ ಒಪ್ಪಿಗೆ ಸಿಗಬಹುದು.

ಕೊನೆಯ ಬಸ್ಸಿಗೆ ಪಟ್ಟು ಹಿಡಿಯಿರಿ. ರಾತ್ರಿ ಹತ್ತರ ಬಸ್ಸಿನಲ್ಲಿ ಎಂಟೇ ಜನ ಇದ್ದರು ಎಂದು ಅದನ್ನು ನಿಲ್ಲಿಸುವುದು ಎಲ್ಲ ಕಡೆಯೂ ಆಗುವ ತಪ್ಪು. ಆ ಬಸ್ಸು ಇದೆ ಎಂಬ ಧೈರ್ಯದಲ್ಲಿ ಬೆಳಗ್ಗೆ ಬೈಕು ಬಿಟ್ಟು ಬಸ್ಸು ಹತ್ತಿದವರು ಎಷ್ಟೋ ಜನ. ಕೆಲಸ ತಡವಾದ ದಿನ ಮಾತ್ರ ಅವರಿಗೆ ಅದು ಬೇಕು. ಅದನ್ನು ತೆಗೆದರೆ ಕಳೆದುಕೊಳ್ಳುವುದು ಎಂಟು ಟಿಕೆಟ್ ಅಲ್ಲ, ಬೆಳಗಿನ ಪ್ರಯಾಣಿಕರನ್ನೇ.

ಇನ್ನು ಅರ್ಜಿ. ಸಹಿ ಸಂಗ್ರಹ ಮಾಡಿ, ಆದರೆ ಅದೊಂದೇ ಸಾಲದು. ನಿಮ್ಮಲ್ಲಿ ನಾಲ್ಕು ಜನ ಒಂದು ವಾರ ಬೆಳಗ್ಗೆ ಐದರಿಂದ ಒಂಬತ್ತರವರೆಗೆ ಬಸ್ ನಿಲ್ದಾಣದಲ್ಲಿ ನಿಂತು ಬರೆದುಕೊಳ್ಳಿ. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಜನ ಹತ್ತಲಾಗದೆ ಉಳಿದರು. ಬಿಡದಿಯಲ್ಲಿ ಸಂಜೆ ಇದೇ ಲೆಕ್ಕ ತೆಗೆಯಿರಿ. ಬಿಡದಿ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತು ಬರೆಯಿರಿ. ಟಿಕೆಟ್ ಯಂತ್ರಕ್ಕೆ ಬಸ್ಸು ಹತ್ತಿದವರು ಮಾತ್ರ ಗೊತ್ತು, ಹತ್ತಲಾಗದೆ ಉಳಿದವರ ಲೆಕ್ಕ ಸಂಸ್ಥೆಯ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅದನ್ನು ಕೊಡಬಲ್ಲವರು ನೀವೇ. ಅದನ್ನು ನೋಡಿದ ಅಧಿಕಾರಿಗೆ ಒಂದು ಸಾಲಿನ ಉತ್ತರ ಬರೆಯಲು ಕಷ್ಟ ಆಗುತ್ತದೆ.

ಅರ್ಜಿಯನ್ನು ಎರಡು ಕಡೆಗೂ ಒಟ್ಟಿಗೆ ಕಳಿಸಿ. ಕೆಎಸ್‌ಆರ್‌ಟಿಸಿಯ ರಾಮನಗರ ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು, ಬಿಎಂಟಿಸಿಯ ಮುಖ್ಯ ಸಂಚಾರ ವ್ಯವಸ್ಥಾಪಕರಿಗೆ ಒಂದು. ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೂ ಗೊತ್ತಿರಲಿ ಎಂದು ಪತ್ರದಲ್ಲೇ ಹೇಳಿ. ಅದರ ಒಂದು ನಕಲು ಜಿಲ್ಲಾಧಿಕಾರಿಗೂ ಹೋಗಲಿ, ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರೂ ಅವರೇ. ಶಾಶ್ವತವಾಗಿ ಕೊಡಿ ಎನ್ನಬೇಡಿ, ಮೂರು ತಿಂಗಳು ಪ್ರಾಯೋಗಿಕವಾಗಿ ಓಡಿಸಿ ಎನ್ನಿ. ಪ್ರಯೋಗಕ್ಕೆ ಒಪ್ಪುವುದು ಅಧಿಕಾರಿಗೆ ಸುಲಭ. ಆದರೆ ಮೂರೂ ತಿಂಗಳು ವೇಳಾಪಟ್ಟಿ ಬದಲಾಗಬಾರದು ಎಂದು ಷರತ್ತು ಹಾಕಿ. ಹೊಸ ಬಸ್ಸು ಇದೆ ಎಂದು ಜನಕ್ಕೆ ಗೊತ್ತಾಗಲೇ ಒಂದು ತಿಂಗಳು ಬೇಕು.

ಅದರ ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಬೆಂಗಳೂರು–ಬಿಡದಿ, ಬೆಂಗಳೂರು–ರಾಮನಗರ ಮಾರ್ಗಗಳಲ್ಲಿ ಕಳೆದ ಆರು ತಿಂಗಳಲ್ಲಿ ನಿಗದಿಯಾದ ಟ್ರಿಪ್ಪು ಎಷ್ಟು, ಓಡಿದ್ದು ಎಷ್ಟು, ರದ್ದಾದದ್ದು ಎಷ್ಟು, ಟ್ರಿಪ್ಪುವಾರು ಪ್ರಯಾಣಿಕರು ಎಷ್ಟು ಎಂದು ಕೇಳಿ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟುಗಳನ್ನೂ ಸೇರಿಸಿ ಕೊಡಿ ಎಂದು ಬಿಡಿಸಿ ಬರೆಯಿರಿ. ಆ ಟಿಕೆಟ್ಟಿನ ಹಣ ಸಂಸ್ಥೆಗೆ ಸರ್ಕಾರದಿಂದ ಬರಬೇಕಾದದ್ದು, ಹಾಗಾಗಿ ಅದೂ ಗಳಿಕೆಯೇ. 2023ರ ಮಾರ್ಚ್‌ಗೆ ಮೊದಲು ರಾಮನಗರದ ಒಳಗೆ ಹಾದುಹೋಗುತ್ತಿದ್ದ ಬಸ್ಸುಗಳು ಎಷ್ಟು, ಈಗ ಎಷ್ಟು ಎಂಬುದನ್ನೂ ಸೇರಿಸಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಆ ಉತ್ತರ ಕೈಗೆ ಬಂದ ಮೇಲೆ ನಿಮ್ಮ ವಾರದ ಲೆಕ್ಕದ ಪಕ್ಕದಲ್ಲಿ ಇಟ್ಟು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು, ವಿಭಾಗೀಯ ನಿಯಂತ್ರಣಾಧಿಕಾರಿಯನ್ನು ಖುದ್ದಾಗಿ ಹೋಗಿ ನೋಡಿ.